ಹಳೆಯ ಜೀಪಿನ ಡಿಫರೆನ್ಷಿಯಲ್: ತಪಾಸಣೆಯೂ ಆರೈಕೆಯೂ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳಲ್ಲಿ ಹೆಚ್ಚಿನವು ವಿಲ್ಲೀಸ್ ವಂಶದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. ಅನಂತರ ಬಂದ ಸಿಜೆ 3ಬಿ, ಸಿಜೆ 340, ಎಂಎಂ 540 ಮುಂತಾದ ಮಾದರಿಗಳಲ್ಲಿ ಇಂಜಿನ್ ಪೆಟ್ರೋಲಿನಿಂದ ಡೀಸೆಲಿಗೆ ಬದಲಾಯಿತಾದರೂ ಆಕ್ಸಲ್‌ಗಳ ಮೂಲ ವಿನ್ಯಾಸ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಆಕ್ಸಲ್‌ನ ನಡುವಿನ ಗುಂಡು ಭಾಗದಲ್ಲಿರುವ ಗೇರುಗಳ ಗುಂಪೇ ಡಿಫರೆನ್ಷಿಯಲ್; ಇಂಜಿನ್ನಿನ ಬಲವನ್ನು ಎರಡು ಪಕ್ಕದ ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದು ಅದರ ಕೆಲಸ. ಎರಕದ ಹೌಸಿಂಗ್ (ಹೊರಕವಚ), ಅದರ ಎರಡು ಪಕ್ಕಗಳಿಗೆ ಒತ್ತಿ ಕೂರಿಸಿದ ಕೊಳವೆಗಳು, ಹಿಂಬದಿಯಲ್ಲಿ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ತಗಡಿನ ಮುಚ್ಚಳ, ಇದು ಅಮೆರಿಕದ ಡಾನಾ ಕಂಪನಿಯ ಆಕ್ಸಲ್ ಮಾದರಿಯ ಗುರುತು. ಆದ್ದರಿಂದ ಮುಂದೆ ಹೇಳುವ ಕ್ರಮ ಇಂತಹ ಬಹುತೇಕ ಎಲ್ಲ ಜೀಪುಗಳಿಗೂ ಹೊಂದುತ್ತದೆ. ಮಾರುತಿ ಜಿಪ್ಸಿಯ ರಚನೆ ಬೇರೆ. ಅದರ ಮಾತು ಬಂದಲ್ಲಿ ಪ್ರತ್ಯೇಕವಾಗಿ ಹೇಳಿದ್ದೇನೆ.

ಮಲೆನಾಡಿನ ಜೀಪುಗಳಲ್ಲಿ ಡಿಫರೆನ್ಷಿಯಲ್ ಕೆಡುವುದು ಓಡಿದ ದೂರದಿಂದಲ್ಲ, ಒಳಗೆ ಸೇರಿದ ನೀರಿನಿಂದ ಮತ್ತು ಯಾರೂ ನೋಡದೆ ಇಳಿದುಹೋದ ಎಣ್ಣೆಯಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟೇ ಖಚಿತವಾದ ಇನ್ನೊಂದು ಮಾತೂ ಇದೆ. ದಶಕಗಳ ಕಾಲ ಒಂದಕ್ಕೊಂದು ಹೊಂದಿಕೊಂಡು ಸವೆದಿರುವ ಕ್ರೌನ್-ಪಿನಿಯನ್ ಜೋಡಿ (ಗೇರ್‌ಬಾಕ್ಸಿನ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್) ಸ್ವಲ್ಪ ಸದ್ದು ಮಾಡಿದರೂ, ಅಳತೆ ನೋಡದೆ ಕೂರಿಸಿದ ಹೊಸ ಜೋಡಿಗಿಂತ ಹೆಚ್ಚು ಕಾಲ ಬಾಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ತಪಾಸಣೆ, ಕಾಲು ಪಾಲು ಮಾತ್ರ ಬಿಚ್ಚುವುದು.

ವರ್ಷಕ್ಕೊಮ್ಮೆ ಮಾಡುವ ಈ ಕೆಲಸಕ್ಕೆ ಅಕ್ಟೋಬರ್ ತಿಂಗಳು ಸೂಕ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಹಳ್ಳ ದಾಟಿ, ಕೆಸರಿನಲ್ಲಿ ಹೂತು ಎದ್ದ ಆಕ್ಸಲ್‌ನೊಳಗೆ ನೀರು ಸೇರಿದ್ದರೆ ಆಗ ಸಿಕ್ಕಿಬೀಳುತ್ತದೆ. ಅರೇಬಿಕಾ ಕೊಯ್ಲು ಶುರುವಾಗಿ ಜೀಪಿಗೆ ಮೂಟೆ ಹೊರುವ ಕೆಲಸ ಬೀಳುವ ಮೊದಲೇ ಅದನ್ನು ಸರಿಪಡಿಸಲು ಸಮಯವೂ ಇರುತ್ತದೆ.

ಬಿಚ್ಚುವ ಮೊದಲು

ಮೊದಲು ಜೀಪನ್ನು ಓಡಿಸಿ ಸದ್ದನ್ನು ಕೇಳಬೇಕು. ತೋಟದ ಕಲ್ಲುದಾರಿಯಲ್ಲಿ ಏನೂ ಕೇಳಿಸದು. ಟಾರು ರಸ್ತೆಗೆ ತಂದು, ಟಾಪ್ ಗೇರಿನಲ್ಲಿ ವೇಗ ಏರಿಸುತ್ತಾ, ಆಮೇಲೆ ಆಕ್ಸಿಲರೇಟರ್ ಬಿಟ್ಟು ತಾನಾಗಿ ನಿಧಾನವಾಗಲು ಬಿಡುತ್ತಾ ಕಿವಿಗೊಡಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಅದೂ ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಮಾತ್ರ ಕೇಳಿಸುವ ಸಣ್ಣ ಕೊಯ್ಯುವ ಸ್ವರ ಸಾಮಾನ್ಯವಾಗಿ ಕ್ರೌನ್-ಪಿನಿಯನ್ ಹಲ್ಲುಗಳದ್ದು ಅಥವಾ ಪಿನಿಯನ್ ಬೇರಿಂಗಿನದ್ದು. ಒತ್ತಿದರೂ ಬಿಟ್ಟರೂ ಬದಲಾಗದ, ವೇಗದೊಂದಿಗೆ ಏರುವ ಗುರುಗುರು ಸದ್ದು ಬೇರಿಂಗ್ ಸವೆತವನ್ನು ಸೂಚಿಸುತ್ತದೆ. ಅದು ಚಕ್ರದ ಬೇರಿಂಗೋ ಡಿಫರೆನ್ಷಿಯಲ್ಲಿನದೋ ಎಂದು ತಿಳಿಯಲು ಉದ್ದನೆಯ ತಿರುವುಗಳಲ್ಲಿ ಗಮನಿಸಬೇಕು: ಭಾರ ಒಂದು ಪಕ್ಕಕ್ಕೆ ವಾಲಿದಾಗ ಸದ್ದು ಹೆಚ್ಚಿ, ಇನ್ನೊಂದು ಪಕ್ಕಕ್ಕೆ ವಾಲಿದಾಗ ತಗ್ಗಿದರೆ ತಪ್ಪು ಚಕ್ರದ ಬೇರಿಂಗಿನದ್ದು. ನೇರ ಹೋಗುವಾಗ ಸುಮ್ಮನಿದ್ದು ಬಿಗಿಯಾದ ತಿರುವಿನಲ್ಲಿ ಮಾತ್ರ ಕಟಕಟ ಎಂದರೆ ಎರಡು ಪಕ್ಕದ ಶಾಫ್ಟ್‌ಗಳಿಗೆ ಬಲ ಹಂಚುವ ಒಳಗಿನ ಸಣ್ಣ ಸ್ಟಾರ್ ಗೇರುಗಳನ್ನು, ಅವುಗಳ ವಾಷರ್‌ಗಳನ್ನು ಅನುಮಾನಿಸಬೇಕು. ಚಕ್ರದ ಸುತ್ತಿನೊಂದಿಗೆ ಲಯ ತಪ್ಪದೆ ಟಕ್ ಟಕ್ ಎಂದು ಬರುವ ಸದ್ದು ಮುರಿದ ಹಲ್ಲಿನದ್ದಾಗಿರಬಹುದಾದ್ದರಿಂದ ಅಂತಹ ಗಾಡಿಯನ್ನು ಮುಂದೆ ಓಡಿಸಬಾರದು.

ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸಿದಾಗ ಬರುವ ‘ಢಕ್’ ಸದ್ದಿಗೆ ಡಿಫರೆನ್ಷಿಯಲ್ಲೇ ಕಾರಣವೆಂದು ತೀರ್ಮಾನಿಸುವುದು ಬಹಳ ಸಾಮಾನ್ಯವಾದ ಅವಸರ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು, ಸ್ಲಿಪ್ ಜಾಯಿಂಟಿನ ಸ್ಪ್ಲೈನ್, ಸ್ಪ್ರಿಂಗ್ ಪ್ಲೇಟಿನ ಯು-ಬೋಲ್ಟ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಸವೆತ ಇವೆಲ್ಲವೂ ಅದೇ ಸದ್ದನ್ನು ಕೊಡುತ್ತವೆ, ಮತ್ತು ಇವುಗಳಲ್ಲಿ ಹೆಚ್ಚಿನವನ್ನು ಸರಿಪಡಿಸುವುದು ಅಗ್ಗ.

ಇನ್ನು ಜೀಪನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ತೋಟದಲ್ಲಿ ಸಮತಟ್ಟಾದ ಸಿಮೆಂಟ್ ನೆಲವೆಂದರೆ ಕಾಫಿ ಒಣಗಿಸುವ ಕಣವೇ ಆಗಿರುವುದರಿಂದ ಅಲ್ಲಿಗೇ ಗಾಡಿ ತರುವ ಆಸೆ ಸಹಜ. ಆದರೆ ಗೇರ್ ಎಣ್ಣೆಯ ಗಂಧಕದ ವಾಸನೆ ಒಮ್ಮೆ ಸಿಮೆಂಟಿಗೆ ಹಿಡಿದರೆ ಮುಂದಿನ ಫಸಲಿಗೂ ತಗಲುತ್ತದೆ, ಹಾಗಾಗಿ ಶೆಡ್ಡಿನ ನೆಲವೇ ಲೇಸು. ಎತ್ತದ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಆಕ್ಸಲ್ ಕೊಳವೆಯ ಕೆಳಗೆ ಸ್ಟ್ಯಾಂಡ್ ಇರಿಸಿ ಭಾರವನ್ನು ಅದರ ಮೇಲೆ ಇಳಿಸಬೇಕು. ಜ್ಯಾಕ್ ಎತ್ತುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ತೂರಬಾರದು. ವಿಲ್ಲೀಸ್ ಮಾದರಿಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಟ್ರಾನ್ಸ್‌ಫರ್ ಕೇಸಿನ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಹೊರತು ಚಕ್ರಗಳನ್ನಲ್ಲ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ಕೂಡಲೇ ಡಿಫರೆನ್ಷಿಯಲ್ ಆ ಚಕ್ರವನ್ನು ತಿರುಗಲು ಬಿಡುತ್ತದೆ ಮತ್ತು ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತಾಗುತ್ತದೆ. ಇದನ್ನು ತಿಳಿಯದೆ ಇಳಿಜಾರಿನಲ್ಲಿ ಚಕ್ರ ಬಿಚ್ಚಲು ಹೋಗುವವರಿಗೆ ಅಪಾಯ ಖಚಿತ.

ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಕಪ್ಲಿಂಗನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ, ಮುಂದೆ ಹಿಂದೆ ಅಲ್ಲಾಡಿಸಿ ನೋಡಬೇಕು. ತಿರುಗುವ ದಿಕ್ಕಿನಲ್ಲಿ ಸ್ವಲ್ಪ ಪ್ಲೇ ಇರುವುದು ಸಹಜ. ಆದರೆ ಮೇಲೆ ಕೆಳಗೆ ಕೂದಲೆಳೆಯಷ್ಟೂ ಅಲುಗಾಟ ಇರಕೂಡದು. ಇದ್ದರೆ ಪಿನಿಯನ್ ಬೇರಿಂಗ್ ಸವೆದಿದೆ ಅಥವಾ ಕಪ್ಲಿಂಗ್ ನಟ್ ಸಡಿಲವಾಗಿದೆ. ಇಂತಹ ಪಿನಿಯನ್‌ಗೆ ಬರೀ ಹೊಸ ಆಯಿಲ್ ಸೀಲ್ ಹಾಕಿದರೆ ಅದು ಮಳೆಗಾಲ ಮುಗಿಯುವವರೆಗೂ ನಿಲ್ಲದು.

ಹಲ್ಲಿನ ಲೆಕ್ಕ

ಹಲವು ಕೈ ಬದಲಾಯಿಸಿದ ಜೀಪುಗಳಲ್ಲಿ ನೋಡಲೇಬೇಕಾದ ಒಂದು ಅಂಶ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅನುಪಾತ. ಹಳೆಯ ಸಿಜೆಗಳಲ್ಲಿ 43 ಹಲ್ಲಿನ ಕ್ರೌನ್, 8 ಹಲ್ಲಿನ ಪಿನಿಯನ್ ಇರುತ್ತದೆ. ಅಂದರೆ ಅನುಪಾತ 5.38. ಬೇರೆ ಆಕ್ಸಲ್‌ಗಳಲ್ಲಿ 39ಕ್ಕೆ 8, ಅಂದರೆ 4.88 ಸಿಗುತ್ತದೆ, 47ಕ್ಕೆ 11 ಇರುವ 4.27 ಕೂಡ ಉಂಟು. ಎಂದೋ ಒಮ್ಮೆ ಹಿಂದಿನ ಆಕ್ಸಲ್ ಮುರಿದಾಗ ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ಹಾಕಿದ್ದರೆ, ಮುಂದೆ 5.38 ಹಿಂದೆ 4.88 ಇರುವ ಗಾಡಿಯಾಗಿಬಿಡುತ್ತದೆ. ಎರಡು ಚಕ್ರದ ಚಾಲನೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಫೋರ್‌ವೀಲ್ ಹಾಕಿದ ಕೂಡಲೇ ಮುಂದಿನ ಹಿಂದಿನ ಚಕ್ರಗಳು ಸುಮಾರು ನೂರಕ್ಕೆ ಹತ್ತರಷ್ಟು ಬೇರೆ ಬೇರೆ ವೇಗದಲ್ಲಿ ತಿರುಗಲು ಹೊರಟು, ಎಲ್ಲ ಒತ್ತಡವೂ ಗೇರುಗಳ ಮೇಲೆ ಬೀಳುತ್ತದೆ. ಲಿವರ್ ಹೊರಬರದೆ ಬಿಗಿದುಕೊಳ್ಳುತ್ತದೆ. ಮುಂದೊಂದು ಹಿಂದೊಂದು ಅಳತೆಯ ಟೈರ್ ಹಾಕಿದಾಗಲೂ ಇದೇ ತೊಂದರೆ ಸಣ್ಣ ಪ್ರಮಾಣದಲ್ಲಿ ಇರುತ್ತದೆ.

ಇದನ್ನು ಮುಚ್ಚಳ ತೆಗೆಯದೆಯೇ ತಿಳಿಯಬಹುದು. ಒಂದು ಚಕ್ರ ನೆಲದ ಮೇಲಿರಲಿ, ಇನ್ನೊಂದನ್ನು ಎತ್ತಿ, ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಒಂದು ಚಕ್ರ ನಿಂತಿರುವಾಗ ಇನ್ನೊಂದರ ಎರಡು ಸುತ್ತಿಗೆ ಕ್ರೌನ್ ಒಂದು ಸುತ್ತು ಮಾತ್ರ ತಿರುಗುವುದರಿಂದ, ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತೋ ಅದೇ ಅನುಪಾತ. ಐದು ಸುತ್ತು ದಾಟಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಬಂದರೆ ಅದು 5.38, ಐದು ತುಂಬಲು ಸ್ವಲ್ಪ ಕಡಿಮೆಯಾದರೆ 4.88.

ಎಣ್ಣೆ ಏನು ಹೇಳುತ್ತದೆ

ಗಾಡಿಯನ್ನು ಸ್ವಲ್ಪ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಇಳಿಸುವುದು ಸರಿಯಾದ ಕ್ರಮ. ಆದರೆ ಡ್ರೈನ್ ಪ್ಲಗ್‌ಗೆ ಕೈ ಹಾಕುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ನೋಡಲೇಬೇಕು. ವರ್ಷಗಟ್ಟಲೆ ತೆರೆಯದ ಪ್ಲಗ್ ತುಕ್ಕಿನಲ್ಲಿ ಹಿಡಿದುಕೊಂಡಿರುತ್ತದೆ. ಇದ್ದ ಎಣ್ಣೆಯನ್ನು ಇಳಿಸಿ, ಹೊಸತನ್ನು ತುಂಬಲು ದಾರಿಯಿಲ್ಲದೆ ನಿಂತ ಗಾಡಿ ಟ್ರಾಕ್ಟರಿನ ಹಿಂದೆಯೇ ಪೇಟೆ ಸೇರಬೇಕಾಗುತ್ತದೆ. ಬಿಗಿದ ಪ್ಲಗ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ತಲೆಗೆ ಸರಿಯಾಗಿ ಕೂರುವ ಸ್ಪ್ಯಾನರನ್ನೇ ಬಳಸಬೇಕು.

ಜೇನಿನ ಬಣ್ಣದ, ಪಾರದರ್ಶಕ ಎಣ್ಣೆ ಒಳ್ಳೆಯ ಲಕ್ಷಣ. ಸುಟ್ಟ ವಾಸನೆಯ ಕಪ್ಪೆಣ್ಣೆ ಹಳತಾಗಿದೆ ಅಥವಾ ಕಾದುಹೋಗಿದೆ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆ ಎಂದೇ ಅರ್ಥ. ಎಣ್ಣೆಯನ್ನು ಬೆರಳುಗಳ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದು, ಆಯಸ್ಕಾಂತ ಅದ್ದಿ ನೋಡಬೇಕು: ಆಯಸ್ಕಾಂತಕ್ಕೆ ಅಂಟಿದ ಬೂದುಬಣ್ಣದ ನುಣ್ಣನೆ ಕೆಸರು ಸಹಜ ಸವೆತ, ತೆಳ್ಳನೆಯ ಹೊಳೆಯುವ ಹಕ್ಕಳೆಗಳಿದ್ದರೆ ಬೇರಿಂಗಿನ ಮೇಲ್ಮೈ ಏಳುತ್ತಿದೆ, ಉಗುರಿಗೆ ಸಿಗುವಂತಹ ಚೂರುಗಳು ಹಲ್ಲಿನವು.

ನೀರು ಬರುವ ದಾರಿ ಯಾವುದೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ಹಳ್ಳದ ನೀರು ಎತ್ತರವಾಗಿತ್ತು, ಅದಕ್ಕೇ ಒಳಹೋಯಿತು ಎನ್ನುತ್ತಾರೆ. ನಿಜವೇನೆಂದರೆ, ಘಾಟಿ ಹತ್ತಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಕೊಳವೆಯ ಮೇಲಿರುವ, ಗಾಳಿ ಓಡಾಡುವ ಕಿಂಡಿಯಾದ ಬ್ರೀದರ್ ಕೆಸರಿನಿಂದ ಕಟ್ಟಿದ್ದರೆ ಆ ಸೆಳೆತ ಸೀಲ್‌ಗಳ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅದೇ ಕಟ್ಟಿದ ಬ್ರೀದರ್ ಬಿಸಿಲಿನ ದಿನಗಳಲ್ಲಿ ಒಳಗಿನ ಒತ್ತಡ ಏರಿಸಿ, ಎಣ್ಣೆಯನ್ನು ಸೀಲ್‌ಗಳ ಮೂಲಕ ಬ್ರೇಕ್ ಡ್ರಮ್ಮಿಗೆ ನೂಕುತ್ತದೆ. ಸೀಲ್ ಪದೇ ಪದೇ ಸೋರುತ್ತದೆ ಎಂಬ ದೂರಿನ ಮೂಲವನ್ನು ಅನೇಕ ಬಾರಿ ಇಲ್ಲೇ ಹುಡುಕಬೇಕು. ಬ್ರೀದರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಊದಿ ನೋಡಬೇಕು. ಅದರ ಜಾಗದಲ್ಲಿ ಒಂದು ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ರಬ್ಬರ್ ಪೈಪ್ ಜೋಡಿಸಿ, ಆಕ್ಸಲ್ ಏರಿಳಿಯುವಷ್ಟು ಸಡಿಲ ಬಿಟ್ಟು, ಅದರ ಬಾಯಿಯನ್ನು ಬಾಡಿಯ ಎತ್ತರದ ಜಾಗಕ್ಕೆ ಕೊಂಡೊಯ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಲಾಭದ ಬದಲಾವಣೆ ನನಗೆ ಗೊತ್ತಿಲ್ಲ.

ಮುಚ್ಚಳ ತೆಗೆದಾಗ

ಡ್ರೈನ್ ಪ್ಲಗ್ ಇದ್ದರೂ ವರ್ಷಕ್ಕೊಮ್ಮೆ ಮುಚ್ಚಳ ತೆಗೆಯುವುದು ಮೇಲು, ಏಕೆಂದರೆ ತಳದ ಕೆಸರು ಪ್ಲಗ್‌ನಿಂದ ಪೂರ್ತಿ ಇಳಿಯುವುದಿಲ್ಲ. ಮೊದಲು ಹೊರಗಿನ ಮಣ್ಣನ್ನು ಕೆರೆದು, ತೊಳೆದು, ಒಣಗಿಸಬೇಕು. ಡಾನಾ 44 ಎಂಬ ಮಾದರಿಯ ಹೌಸಿಂಗಿನ ಮುಚ್ಚಳಕ್ಕೆ ಹತ್ತು ಬೋಲ್ಟ್‌ಗಳಿರುತ್ತವೆ. ಮೇಲಿನ ಎರಡನ್ನು ಸಡಿಲಿಸಿ ಹಾಗೆಯೇ ಬಿಟ್ಟು, ಉಳಿದವನ್ನು ತೆಗೆದು, ಕೆಳಗಿನ ಅಂಚನ್ನು ಮೆಲ್ಲನೆ ಎಬ್ಬಿಸಿದರೆ ಎಣ್ಣೆ ಬಾಣಲೆಗೆ ಸರಿಯಾಗಿ ಬೀಳುತ್ತದೆ. ಕಲ್ಲಿಗೆ ಬಡಿದು ಒಳಕ್ಕೆ ತಗ್ಗಾದ ಮುಚ್ಚಳವನ್ನು ಕ್ರೌನಿಗೆ ತಾಗಿದ ಗುರುತಿದೆಯೇ ಎಂದು ನೋಡಿ, ತಟ್ಟಿ ನೇರ ಮಾಡಬೇಕು.

ಒಳಭಾಗವನ್ನು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬ್ರಷ್ಷಿನಿಂದ ತೊಳೆಯಬಹುದು. ನೂಲು ಬಿಡುವ ಬನಿಯನ್ ವೇಸ್ಟ್ ಬಳಸಬಾರದು. ಆ ಎಳೆಗಳು ನೇರವಾಗಿ ಬೇರಿಂಗ್‌ಗೆ ಹೋಗುತ್ತವೆ. ಆಮೇಲೆ ಕ್ರೌನನ್ನು ಕೈಯಿಂದ ಒಂದೊಂದೇ ಹಲ್ಲು ಸರಿಸುತ್ತಾ ಟಾರ್ಚ್ ಬೆಳಕಿನಲ್ಲಿ ಪೂರ್ತಿ ಸುತ್ತು ನೋಡಬೇಕು. ನಯವಾಗಿ ಮೆರುಗುಗೊಂಡ ಹಲ್ಲು ಆರೋಗ್ಯವಂತ. ಚುಕ್ಕಿಚುಕ್ಕಿ ಗುಳಿ, ಮೂಲೆಯ ಬಿರುಕು, ಉಜ್ಜಿ ಕಿತ್ತುಬಂದ ಗೆರೆ ಇವು ಆಪತ್ತು. ನೀಲಿಗಟ್ಟಿದ ಬಣ್ಣ ಎಣ್ಣೆಯಿಲ್ಲದೆ ಓಡಿದ್ದರ ಸಾಕ್ಷಿ. ನೀರು ನಿಂತ ಜಾಗದಲ್ಲಿ ತುಕ್ಕಿನ ಗೆರೆ ಕಂಡರೆ ಬೇರಿಂಗ್ ರೋಲರ್‌ಗಳಲ್ಲೂ ಅದೇ ಮಟ್ಟದಲ್ಲಿ ತುಕ್ಕಿರುತ್ತದೆ ಎಂದು ಎಣಿಸಿಕೊಳ್ಳಬಹುದು.

ಬೇರಿಂಗ್ ಕ್ಯಾಪಿನ ಪಕ್ಕದಲ್ಲಿ ಬಾರ್ ಇಟ್ಟು, ಕ್ರೌನ್ ಕೂತಿರುವ ಕೇಜನ್ನು ಎಡಕ್ಕೂ ಬಲಕ್ಕೂ ಹಿತವಾಗಿ ಮೀಟಿ ನೋಡಬೇಕು. ಕಣ್ಣಿಗೆ ಕಾಣುವ ಸರಿದಾಟ ಇರಬಾರದು. ಬಳಿಕ ಡಯಲ್ ಗೇಜನ್ನು ಹೌಸಿಂಗಿಗೆ ಕಚ್ಚಿಸಿ, ಅದರ ಮುಳ್ಳನ್ನು ಕ್ರೌನಿನ ಹಲ್ಲಿಗೆ ನೆಟ್ಟಗೆ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಆಡಿಸಿ, ಹಲ್ಲುಗಳ ನಡುವಿನ ಸಡಿಲವಾದ ಬ್ಯಾಕ್‌ಲ್ಯಾಷ್ ಅಳೆಯಬೇಕು. ಡಾನಾ 44ರಲ್ಲಿ ಇದು 0.13ರಿಂದ 0.23 ಮಿ.ಮೀ. ಒಳಗೆ ಇರಬೇಕು. ಸುತ್ತಲೂ ನಾಲ್ಕು ಕಡೆ ಅಳೆದು, ಒಂದಕ್ಕೂ ಇನ್ನೊಂದಕ್ಕೂ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕ್ರೌನ್ ಡೊಂಕಾಗಿದೆ ಅಥವಾ ಅದರಡಿ ಕಸ ಸಿಕ್ಕಿದೆ. ಹಳೆಯ ಜೋಡಿಯಲ್ಲಿ ಬ್ಯಾಕ್‌ಲ್ಯಾಷ್ ಮಿತಿಗಿಂತ ತುಸು ಹೆಚ್ಚಿದ್ದು, ಹಲ್ಲು ನಯವಾಗಿದ್ದು, ಬೇರಿಂಗ್ ಬಿಗಿಯಾಗಿದ್ದರೆ ಅದನ್ನು ಮುಟ್ಟದಿರುವುದೇ ಜಾಣತನ. ಶಿಮ್ (ಅಂತರ ಹೊಂದಿಸಲು ಇಡುವ ತೆಳು ಬಿಲ್ಲೆ) ತೆಗೆದು ಬಿಗಿ ಮಾಡಿದರೆ, ಸವೆಯದಿದ್ದ ಭಾಗಗಳು ಒಂದಕ್ಕೊಂದು ತಾಗಿ ಮೊದಲಿಲ್ಲದ ಕೂಗು ಶುರುವಾಗುತ್ತದೆ.

ಹಲ್ಲಿನ ಸ್ಪರ್ಶ ನೋಡಲು ಮೂರು ನಾಲ್ಕು ಹಲ್ಲುಗಳಿಗೆ ಪ್ರಷ್ಯನ್ ಬ್ಲೂ ಎಂಬ ಗುರುತಿನ ಬಣ್ಣ ತೆಳ್ಳಗೆ ಬಳಿದು, ಕ್ರೌನಿಗೆ ಮರದ ತುಂಡಿನಿಂದ ತಡೆ ಕೊಟ್ಟು, ಪಿನಿಯನ್ನನ್ನು ಎರಡೂ ದಿಕ್ಕಿಗೆ ತಿರುಗಿಸಬೇಕು. ಗುರುತು ಹಲ್ಲಿನ ನೆತ್ತಿಗೂ ಬುಡಕ್ಕೂ ನಡುವೆ ಬಿದ್ದರೆ ಸರಿ. ನೆತ್ತಿಯ ಕಡೆ ಸರಿದಿದ್ದರೆ ಪಿನಿಯನ್ ದೂರ ನಿಂತಿದೆ, ಒಳ ಬೇರಿಂಗ್ ಕಪ್ಪಿನ ಹಿಂದಿನ ಶಿಮ್ ದಪ್ಪ ಮಾಡಬೇಕು; ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಹತ್ತಿರವಿದೆ, ಶಿಮ್ ತೆಳುವಾಗಬೇಕು. ಕ್ರೌನಿನ ನಡುಭಾಗಕ್ಕೆ ಹತ್ತಿರದ ಒಳತುದಿಯಲ್ಲಿ ಬಿದ್ದರೆ ಕ್ರೌನನ್ನು ಪಿನಿಯನ್ನಿನಿಂದ ದೂರ, ಹೊರತುದಿಯಲ್ಲಿ ಬಿದ್ದರೆ ಹತ್ತಿರ ಸರಿಸಬೇಕು. ಗಾಡಿ ಮುಂದಕ್ಕೆ ಎಳೆಯುವಾಗ ಹಿಂದಿನ ಆಕ್ಸಲ್‌ನಲ್ಲಿ ಭಾರ ಹಲ್ಲಿನ ಉಬ್ಬಿದ ಮುಖದ ಮೇಲೆ ಬೀಳುತ್ತದೆ, ಮುಂದಿನ ಆಕ್ಸಲ್‌ನಲ್ಲಿ ತಗ್ಗಿನ ಮುಖದ ಮೇಲೆ ಬೀಳುತ್ತದೆ. ಹಾಗಾಗಿ ಮುಂದಿನದನ್ನು ಪರೀಕ್ಷಿಸುವಾಗ ಆ ಮುಖಕ್ಕೆ ಹೆಚ್ಚು ಬೆಲೆ ಕೊಡಬೇಕು.

ಕೇಜಿನೊಳಗಿನ ಸ್ಟಾರ್ ಗೇರುಗಳ ಹಿಂದೆ ಫೀಲರ್ ಗೇಜ್ ತೂರಿಸಿ ವಾಷರ್ ಸವೆತವನ್ನೂ, ಅವು ಕೂತಿರುವ ಪಿನ್ ಮೇಲೆ ಮೆಟ್ಟಿಲಿನಂತೆ ತಗ್ಗು ಬಿದ್ದಿದೆಯೇ ಎಂಬುದನ್ನೂ ನೋಡಬೇಕು. ಕೆಸರಿನಲ್ಲಿ ಒಂದು ಚಕ್ರವನ್ನು ಬಹಳ ಹೊತ್ತು ಗಿರಗಿರ ತಿರುಗಿಸುವ ಅಭ್ಯಾಸವಿದ್ದ ಚಾಲಕನ ಗಾಡಿಯಲ್ಲಿ ಈ ಪಿನ್ ಮೊದಲು ಸಾಯುತ್ತದೆ.

ಕೇಜನ್ನು ಹೊರತೆಗೆಯಲೇಬೇಕಾದರೆ ಬೇರಿಂಗ್ ಕ್ಯಾಪ್‌ಗಳಿಗೆ ಎಡಬಲದ ಗುರುತು ಹಾಕಿಕೊಳ್ಳಬೇಕು. ಅವುಗಳನ್ನು ಹೌಸಿಂಗಿನೊಂದಿಗೇ ಕಡೆದಿರುವುದರಿಂದ ಅದಲುಬದಲಾದರೆ ಬೇರಿಂಗ್ ನೆಟ್ಟಗೆ ಕೂರದು. ಎರಡೂ ಆಕ್ಸಲ್ ಶಾಫ್ಟ್‌ಗಳನ್ನು ಮೊದಲೇ ಎಳೆಯಬೇಕು. ಹಳೆಯ ಸಿಜೆಗಳ ಹಿಂದಿನ ಶಾಫ್ಟಿಗೆ ಟೇಪರ್ ತುದಿಯೂ ಹಬ್ ಜಾರದಂತೆ ಹಿಡಿಯುವ ಕೀಲಿಯೂ ಇರುವುದರಿಂದ ಹಬ್ ಬಿಡಿಸಲು ಗಟ್ಟಿಯಾದ ಪುಲ್ಲರ್ ಬೇಕು. ಸುತ್ತಿಗೆಯಿಂದ ಬಡಿದರೆ ಆ ಪೆಟ್ಟು ಒಳಗಿನ ಬೇರಿಂಗ್‌ಗೆ ತಲುಪುತ್ತದೆ. ಕ್ರೌನ್ ಮತ್ತು ಪಿನಿಯನ್ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ಎರಡರ ಮೇಲೂ ಒಂದೇ ಸಂಖ್ಯೆ ಇರುತ್ತದೆ, ಒಂದನ್ನು ಮಾತ್ರ ಬದಲಿಸುವಂತಿಲ್ಲ. ಜಿಪ್ಸಿಯಲ್ಲಿ ಹಿಂದಿನ ಮುಚ್ಚಳ ಬಿಚ್ಚುವಂಥದ್ದಲ್ಲ; ಶಾಫ್ಟ್‌ಗಳನ್ನು ಎಳೆದ ಬಳಿಕ ಇಡೀ ಗೇರಿನ ಗುಂಪು ಮುಂಬದಿಯಿಂದ ಹೊರಬರುತ್ತದೆ, ಹೊಂದಾಣಿಕೆಯನ್ನು ಬೆಂಚಿನ ಮೇಲೆ ಮಾಡಬಹುದು. ಆ ವಿಷಯದಲ್ಲಿ ಜಿಪ್ಸಿ ಮೆಕ್ಯಾನಿಕ್‌ಗಳ ಪಾಲಿಗೆ ದಯಾಮಯಿ.

ಶಿಮ್ ಲೆಕ್ಕ, ಪ್ರಿಲೋಡ್ (ಬೇರಿಂಗಿಗೆ ಮೊದಲೇ ಕೊಡುವ ಬಿಗಿ) ಹೊಂದಾಣಿಕೆ ಇವು ಅಳತೆಯ ಸಾಧನಗಳಿರುವವರ ಕೆಲಸ. ಹೊಸ ಬೇರಿಂಗ್ ಹಾಕಿದ ಪಿನಿಯನ್ ತಿರುಗಿಸಲು ಸುಮಾರು 2.3ರಿಂದ 4.5 ನ್ಯೂಟನ್-ಮೀಟರ್ ಬಲ ಬೇಕು. ಅದನ್ನು ಕೈಯಂದಾಜಿನಲ್ಲಿ ಕೂರಿಸುತ್ತೇನೆ ಎನ್ನುವವರಿಗೆ ಗಾಡಿ ಒಪ್ಪಿಸದಿರುವುದು ಒಳಿತು.

ಮುಂದಿನ ಆಕ್ಸಲ್‌ನಲ್ಲಿ ಇನ್ನೊಂದು ತಪಾಸಣೆ ಉಂಟು. ಕೊಳವೆಯೊಳಗಿನ ಸೀಲ್ ಹೋದರೆ ಡಿಫರೆನ್ಷಿಯಲ್ಲಿನ ಎಣ್ಣೆ ಸ್ಟೀರಿಂಗ್‌ನೊಂದಿಗೆ ಚಕ್ರವನ್ನು ತಿರುಗಿಸುವ, ಚಕ್ರದ ಬಳಿಯ ಗುಂಡಾದ ಜಾಯಿಂಟಾದ ನಕಲ್‌ಗೆ ಹರಿದು, ಅಲ್ಲಿನ ಗ್ರೀಸನ್ನು ತೆಳುಮಾಡಿ ಹೊರಗೆ ಸೋರುತ್ತದೆ. ನಕಲ್ ಸೋರಿದಾಗ ಹೊರಗಿನ ಫೆಲ್ಟ್ ಮಾತ್ರ ಬದಲಿಸಿ ಸುಮ್ಮನಾಗದೆ, ಡಿಫರೆನ್ಷಿಯಲ್ ಎಣ್ಣೆಯ ಮಟ್ಟ ಇಳಿದಿದೆಯೇ ಎಂದು ನೋಡಬೇಕು. ಮುಂದಿನ ಚಕ್ರಗಳನ್ನು ಶಾಫ್ಟಿನಿಂದ ಬಿಡಿಸಿಡುವ ಫ್ರೀವೀಲ್ ಹಬ್ ಇಲ್ಲದ ಗಾಡಿಯಲ್ಲಿ ಮುಂದಿನ ಗೇರುಗಳು ಸದಾ ತಿರುಗುತ್ತಿರುತ್ತವೆ. ಫೋರ್‌ವೀಲ್ ಹಾಕುವುದೇ ಇಲ್ಲ ಎಂದು ಅದನ್ನು ಮರೆಯುವಂತಿಲ್ಲ.

ಮುಚ್ಚಿ, ತುಂಬಿ, ಓಡಿಸುವುದು

ಎರಡೂ ಮುಖಗಳ ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದು, ಹೊಸ ಪ್ಯಾಕಿಂಗ್‌ಗೆ ಸೀಲೆಂಟ್ ತೆಳುವಾಗಿ ಸವರಿ, ಬೋಲ್ಟ್‌ಗಳನ್ನು ಎದುರುಬದಿರಾಗಿ ಹಂತಹಂತವಾಗಿ ಬಿಗಿಮಾಡಬೇಕು. ಈ ಗೇರುಗಳು ಹೈಪಾಯ್ಡ್ ಮಾದರಿಯವು. ಹಲ್ಲುಗಳು ಉರುಳುವುದರ ಜೊತೆಗೆ ಭಾರದಲ್ಲಿ ಉಜ್ಜುತ್ತಾ ಜಾರುವುದರಿಂದ ಜಿಎಲ್-5 ದರ್ಜೆಯ ಎಸ್‌ಎಇ 90 ಅಥವಾ 80ಡಬ್ಲ್ಯೂ-90 ಎಣ್ಣೆಯೇ ಬೇಕು. ಅದೇ ಡಬ್ಬದಲ್ಲಿ ಉಳಿದದ್ದನ್ನು ಹಳೆಯ ಗೇರ್‌ಬಾಕ್ಸಿಗೆ ಸುರಿಯಬಾರದು, ಏಕೆಂದರೆ ಅದರಲ್ಲಿನ ಗಂಧಕ-ರಂಜಕದ ಅಂಶ ಅಲ್ಲಿನ ಹಿತ್ತಾಳೆಯ ಭಾಗಗಳನ್ನು ತಿನ್ನಬಲ್ಲದು. ಗೇರ್‌ಬಾಕ್ಸಿಗೆ ಜಿಎಲ್-4 ಸಾಕು. ಒಂದೊಂದು ಆಕ್ಸಲ್‌ಗೆ ಸುಮಾರು 1.2 ಲೀಟರ್ ಹಿಡಿಯುತ್ತದೆ. ಗಾಡಿ ಸಮತಟ್ಟಾಗಿ ನಿಂತಿರುವಾಗ ಎಣ್ಣೆ ಫಿಲ್ಲರ್ ರಂಧ್ರದ ಅಂಚಿಗೆ ಬಂದರೆ ಮುಗಿಯಿತು. ಹೆಚ್ಚಿರಲಿ ಎಂದು ತುರುಕಿದರೆ ಅದು ಬ್ರೇಕ್ ಲೈನಿಂಗ್ ಸೇರುತ್ತದೆ.

ಮುಚ್ಚಿದ ಬಳಿಕ ಹತ್ತಿಪ್ಪತ್ತು ಕಿ.ಮೀ. ಓಡಿಸಿ ಹೌಸಿಂಗನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದು ಕೈ ಇಟ್ಟಿರಲು ಸಾಧ್ಯವಾದರೆ ಸರಿ. ಪಿನಿಯನ್ ಬಳಿ ಕೈ ಸುಡುವಂತಿದ್ದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ. ಹೊಸ ಕ್ರೌನ್-ಪಿನಿಯನ್ ಹಾಕಿದ್ದರೆ ಮೊದಲ ಓಟವನ್ನು ಖಾಲಿ ಗಾಡಿಯಲ್ಲಿ ಸ್ವಲ್ಪ ದೂರಕ್ಕೆ ಮುಗಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸಬೇಕು. ಹೊಸ ಹಲ್ಲುಗಳು ಹೊಂದಿಕೊಳ್ಳುವಾಗ ಹುಟ್ಟುವ ಶಾಖ ಅವುಗಳ ಗಡಸುತನವನ್ನೇ ಕೆಡಿಸಬಹುದು. ಸುಮಾರು 800 ಕಿ.ಮೀ. ಆದ ಮೇಲೆ ಆ ಎಣ್ಣೆಯನ್ನು ಇಳಿಸಿ ಹೊಸತನ್ನು ತುಂಬಬೇಕು, ಅಲ್ಲಿಯವರೆಗೆ ಮೂಟೆ ಹೇರಿ ಘಾಟಿ ಹತ್ತಿಸಬಾರದು. ಮಳೆಗಾಲದಲ್ಲಿ ಆಕ್ಸಲ್ ಮುಳುಗುವ ನೀರನ್ನು ದಾಟಿದ ಮರುದಿನ, ಗಾಡಿ ರಾತ್ರಿಯಿಡೀ ನಿಂತ ಮೇಲೆ, ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿದರೆ ಸಾಕು: ನೀರು ಎಣ್ಣೆಗಿಂತ ಭಾರವಾದ್ದರಿಂದ ಮೊದಲ ಹನಿಗಳಲ್ಲೇ ಹೊರಬರುತ್ತದೆ. ನೀರು ಕಂಡರೆ ವರ್ಷ ತುಂಬುವವರೆಗೆ ಕಾಯದೆ ಎರಡು ಮೂರು ದಿನಗಳೊಳಗೆ ಎಣ್ಣೆ ಬದಲಿಸಬೇಕು. ಇಳಿಸಿದ ಎಣ್ಣೆಯನ್ನು ಹಳ್ಳದ ದಂಡೆಯಲ್ಲಿ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು ಹಳೆಯ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.